ಹೊಟ್ಟೆ ತುಂಬದ ಕೌದಿ

ಜೋಗುಪಾಳ್ಯ,
ಜನವರಿ ೯, ೨೦೨೫, ಗುರುವಾರ

ನೋವಿಲ್ಲದ ಬೆನ್ನುನೋವಿನ ಬೇಗಂ ನಾಜಿಶ್‌ಗೆ,

ಉಮಾಶ್ರೀಯ ಕಡೆಯಿಂದ ಒಂದು ಅಪ್ಪುಗೆ. ಹೊಟ್ಟೆಗೆ ತಾಗದ ಹಾಗೆ, ಪಕ್ಕದಿಂದ.

ಫೋನ್ ಇರುವಾಗ ಕಾಗದ ಯಾಕೆ ಅಂತ ಹುಬ್ಬೇರಿಸಬೇಡ. ಫೋನಿನಲ್ಲಿ ನಾನು ಆ ವಿಷಯದ ಮೊದಲಕ್ಷರ ಎತ್ತಿದರೆ ಸಾಕು, ನೀನು ಕಟ್ ಮಾಡ್ತೀಯ. ಎದುರಿಗೆ ಬಂದು ಕೂತರೆ ಕಣ್ಣು ಮುಚ್ಚಿ ನಿದ್ದೆ ಬಂದವಳ ಹಾಗೆ ನಟಿಸ್ತೀಯ, ನಿನ್ನ ಅಮ್ಮಿ ಚಾಂದ್ ಬೀ ನನಗೆ ಚಹಾ ಕುಡಿಸಿ ಕಣ್ಣಲ್ಲೇ ಬಾಗಿಲು ತೋರಿಸ್ತಾರೆ. ಕಾಗದವನ್ನು ಕಟ್ ಮಾಡಬೇಕಾದರೆ ಎದ್ದು ಹೋಗಿ ಕತ್ತರಿ ತರಬೇಕು. ನಿನಗೆ ಏಳುವ ಹಾಗಿಲ್ಲ. ಹಾಗಾಗಿ ಓದು.

ಮೊದಲು ಒಂದು ಮಧ್ಯಾಹ್ನ ನೆನಪಿಸ್ತೀನಿ. ಸೆಪ್ಟೆಂಬರ್ ತಿಂಗಳು, ಕಾಕ್ಸ್ ಟೌನಿನ ನಮ್ಮ ಸ್ಕೂಲು, ನನ್ನ ಲೈಬ್ರರಿ. ವಿಜ್ಞಾನದ ಮಿಸ್ ಆದ ನೀನು ಯಾವತ್ತೂ ಕಾಲಿಡದ ಕಥೆಪುಸ್ತಕಗಳ ಕಪಾಟಿನ ಹಿಂದೆ ನಿಂತು, ಗೋಡೆಗೆ ಹೇಳುವ ಹಾಗೆ ಹೇಳಿದೆ, ಮೂರು ತಿಂಗಳು ಅಂತ. ನನ್ನ ಮುಖ ಪೂರ್ತಿ ಅರಳುವ ಮೊದಲೇ ಷರತ್ತು ಹಾಕಿದೆ. ಎರಡು ಸಲ ತೊಟ್ಟಿಲು ತಂದು ಎರಡು ಸಲವೂ ವಾಪಸು ಕಳಿಸಿದವಳು ನೀನು. ಈ ಸಲ ಒಂದು ಕಾಲುಚೀಲ ಕೂಡ ಮನೆಗೆ ಬರಬಾರದು, ಹೆಸರು ಯೋಚಿಸಬಾರದು, ಯಾರೂ ಮುಬಾರಕ್ ಅನ್ನಬಾರದು. ಅತ್ತ ಮೇಲೆ ಮಾತ್ರ ಅದು ಮಗು ಅಂದೆ. ಡಾಕ್ಟರು ಗರ್ಭಚೀಲದ ಬಾಯಿಗೆ ಹೊಲಿಗೆ ಹಾಕಿ ಏಳಕೂಡದು ಅಂದದ್ದನ್ನು ಲೋಕಕ್ಕೆಲ್ಲ ಸ್ಲಿಪ್ ಡಿಸ್ಕ್ ಅಂತ ಹೇಳಿ, ರಜೆ ಹಾಕಿ, ರಿಚರ್ಡ್ಸ್ ಟೌನಿನ ತವರಿನಲ್ಲಿ ಹೊದ್ದು ಮಲಗಿದೆ. ನಿಜ ಗೊತ್ತಿದ್ದದ್ದು ನಿನ್ನ ಅಮ್ಮಿಗೆ, ನಿನ್ನ ಗಂಡ ತೌಹೀದ್‌ಗೆ, ನನಗೆ. ನಾನು ತಲೆಯಾಡಿಸಿ ಒಪ್ಪಿದೆ. ತಲೆ ಒಪ್ಪಿತು, ಕೈ ಒಪ್ಪಲಿಲ್ಲ.

ನಾಜಿಶ್, ನಾನು ಕೌದಿ ಹೊಲಿದೆ.

ಬೈಗುಳವನ್ನು ಸ್ವಲ್ಪ ತಡೆದುಕೋ, ಮುಂದೆ ಇನ್ನೂ ಬೇಕಾಗುತ್ತದೆ. ಹೊಲಿಯದೆ ಇರುವುದು ನನ್ನ ಕೈಲಿ ಆಗೋದಿಲ್ಲ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಯಾದಗಿರಿಯಿಂದ ಬರುವಾಗ ಬಿ.ಎ. ಸರ್ಟಿಫಿಕೇಟು ಮರೆತು ಬಂದವಳು ಸೂಜಿಡಬ್ಬಿ ಮರೆಯಲಿಲ್ಲ. ಯಾರ ಮನೆ ಗೃಹಪ್ರವೇಶವಾಗಲಿ, ಯಾರ ಮದುವೆಯಾಗಲಿ, ನಮ್ಮಿಬ್ಬರ ಉಡುಗೊರೆ ಒಂದೇ. ಊಟದ ಬಿಡುವಿನಲ್ಲಿ ಲೈಬ್ರರಿಯ ಉದ್ದ ಮೇಜಿನ ಮೇಲೆ ಹಳೆ ಸೀರೆ ಹಾಸಿಕೊಂಡು, ನೀನು ಆ ತುದಿಯಿಂದ ನಾನು ಈ ತುದಿಯಿಂದ ಹೊಲಿಯುತ್ತ ಬಂದು ನಡುವೆ ಸೇರುವುದು. ಕನ್ನಡದ ಮೇಷ್ಟ್ರು ಅದಕ್ಕೆ ಸವರ್ಣದೀರ್ಘ ಸಂಧಿ ಅಂತ ಹೆಸರಿಟ್ಟಿದ್ದರು. ದೀರ್ಘ ಅನ್ನೋದಂತೂ ಖರೆ. ಪ್ರಿನ್ಸಿಪಾಲರ ಬೀಳ್ಕೊಡುಗೆಯ ಕೌದಿ ಅವರನ್ನು ಬೀಳ್ಕೊಟ್ಟು ವರ್ಷವಾದ ಮೇಲೆ ಮುಗಿಯಿತು.

ನಮ್ಮ ಕೌದಿಗಳಿಗಿರುವ ಒಂದೇ ದೋಷ ನಿನಗೆ ಗೊತ್ತು. ಹೊದ್ದವರಿಗೆ ಬಟ್ಟೆ ಕೊಟ್ಟವರ ಕನಸು ಬೀಳುತ್ತದೆ. ಶಿವಾಜಿನಗರದಲ್ಲಿ ಸೂಟ್‌ಕೇಸ್ ಅಂಗಡಿ ಇಟ್ಟ ನಿನ್ನ ಅಣ್ಣ ಅಹ್ಮದ್ ಪಾಷಾ ಗಣಿತದ ಮಿಸ್ಸಿನ ಸೀರೆ ಸೇರಿದ ಕೌದಿ ಹೊದ್ದು ಚಳಿಗಾಲವೆಲ್ಲ ಬೀಜಗಣಿತದ ಪರೀಕ್ಷೆ ಬರೆದರು. ಕನಸಿನಲ್ಲೂ ಫೇಲ್ ಮಾಡಿಸಿದ್ರಲ್ಲಮ್ಮಾ ಅಂತ ಇವತ್ತಿಗೂ ಆಡ್ಕೊಳ್ತಾರೆ.

ಆದರೆ ಈಗ ಹೊಲಿದದ್ದು ಮೇಜಿನ ಮೇಲಿನ ಕೌದಿಯಲ್ಲ. ನಮ್ಮ ಕಡೆ ಬಹಳ ಕಾಯಿಸಿ ಬರುವ ಕೂಸಿಗೆ ಬೇರೆಯೇ ಕೌದಿ ಇದೆ. ಕೂಸು ಬರುವ ಮನೆಯ ಅರಿವಿ ಅದಕ್ಕೆ ಸಲ್ಲುವುದಿಲ್ಲ. (ಬಟ್ಟೆಗೆ ನಾವು ಅರಿವಿ ಅನ್ನೋದು, ಅರಿವು ಬರುವ ಮೊದಲೇ ಮೈಗೆ ಬರುವುದು ಅಂತ ಇರಬೇಕು.) ಬೇರೆ ಮನೆಗಳ ಬಾಗಿಲಿಗೆ ಹೋಗಿ, ಸೆರಗೊಡ್ಡಿ, ಒಂದೊಂದು ತುಂಡು ಬೇಡಿ ತರಬೇಕು. ಊರಿನ ತುಂಡುಗಳೆಲ್ಲ ಸೇರಿದ ಕೌದಿ ಹೊದ್ದು ಮಲಗಿದ ಕೂಸು ಯಾವ ಮನೆಯದ್ದು ಅಂತ ಕೆಟ್ಟ ಕಣ್ಣಿಗೆ ಗುರುತು ಸಿಗಬಾರದು. ನೀನು ವಿಜ್ಞಾನದವಳು, ನಗ್ತೀಯ. ನಾನೂ ನಕ್ಕೆ. ನಗುತ್ತಲೇ ಚೀಲ ತಗೊಂಡು ಹೊರಟೆ.

ಮೊದಲ ಬಾಗಿಲು ಅಯ್ಯಮ್ಮನದು. ನಮ್ಮ ಬಾಡಿಗೆ ರೂಮುಗಳ ಸಾಲಿಗೆಲ್ಲ ಆಕೆಯೇ ಹಿರಿಯಾಕೆ, ನಮ್ಮ ಸೀಮೆಯಾಕೆ, ಆ ಚೀಲ ಯಾತಕ್ಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. “ಯಾರ ಕೂಸಿಗಿ ಬೇಡಲಿಕತ್ತೀಯವಾ?” ಅಂದಳು. ಹೊರಡುವಾಗ ಸೂಜಿ, ದಾರ, ಚೀಲ ಎಲ್ಲ ಯೋಚಿಸಿದ್ದೆ, ಈ ಪ್ರಶ್ನೆಯೊಂದನ್ನು ಯೋಚಿಸಿರಲಿಲ್ಲ. ನಿನ್ನ ಹೆಸರು ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ನುಂಗಿದೆ. ನುಂಗಿದ್ದು ಹೊಟ್ಟೆಗೇ ಹೋಯಿತೇನೋ.

“ನಂದೇ” ಅಂದೆ.

ಅಯ್ಯಮ್ಮ ಹಂಚಿನ ಮೇಲಿನ ರೊಟ್ಟಿಯನ್ನು ಸುಡಲು ಬಿಟ್ಟು ಬಂದು ನನ್ನ ಎರಡೂ ಕೆನ್ನೆ ಹಿಡಿದಳು. ಹಿಟ್ಟಿನ ಕೈ. ನಮ್ಮ ಗಲ್ಲಿಯ ಅಗಲ ನಿನಗೆ ಗೊತ್ತಲ್ಲ, ಈ ಮನೆಯಲ್ಲಿ ಸೀನಿದರೆ ಎದುರುಮನೆಯವರು ಮೂಗು ಒರೆಸಿಕೊಳ್ತಾರೆ. ಸಂಜೆಯೊಳಗೆ ಹಾಲಿನವರಿಗೂ ಸುದ್ದಿ ಮುಟ್ಟಿತ್ತು. ನಲವತ್ತು ದಾಟಿದ ಮೇಲೆ ನಾನು ಬಸುರಿ. ಬಸಿರಿಲ್ಲದೆ ಹೆಸರು ಬಂತು.

ಒಂದು ಮನೆಯಲ್ಲಿ ಹೇಳಿದ ಮೇಲೆ ಮುಂದಿನ ಮನೆಯಲ್ಲಿ ಬೇರೆ ಹೇಳೋಕಾಗುತ್ತಾ? ಸ್ಕೂಲಿನಲ್ಲಿ ಮಾತ್ರ ಯಾರನ್ನೂ ಕೇಳಲಿಲ್ಲ, ಉಳಿದೆಲ್ಲ ಕಡೆ ಹೋದೆ. ಹಲಸೂರು ಮಾರ್ಕೆಟ್ಟಿನ ಹೂವಿನ ಅಮೃತಮ್ಮ ಬುಟ್ಟಿಗೆ ಮುಚ್ಚಿದ್ದ ಹಳದಿ ಸೀರೆಯ ಅಂಚನ್ನೇ ಹರಿದು ಕೊಟ್ಟು, “ಹೆಣ್ಣಾದ್ರೆ ಜಡೆಗೆ ಹೂವು ನಂದೇ ಮಾ, ಬೇರೆ ಕಡೆ ವಾಂಗಬೇಡ” ಅಂತ ತಮ್ಮ ತಮಿಳುಗನ್ನಡದಲ್ಲಿ ಅಂದರು. ಕಾಕ್ಸ್ ಟೌನಿನ ಬೇಕರಿಯವರು ಚೌಕುಳಿಯ ಏಪ್ರನ್ ಕೊಟ್ಟರು. ಎಷ್ಟು ಒಗೆದರೂ ಅದರಿಂದ ಬನ್ನಿನ ವಾಸನೆ ಹೋಗಲಿಲ್ಲ, ನಾನು ಒಗೆಯುವುದು ಬಿಟ್ಟೆ.

ಅಹ್ಮದ್ ಪಾಷಾ ಅಣ್ಣನ ಅಂಗಡಿಗೂ ಹೋದೆ. ಸೋದರಮಾವನ ಮನೆ ಬೇರೆ ಮನೆಯೇ ತಾನೇ, ನಿನ್ನ ಕಡೆಯದ್ದು ಅಂತ ಒಂದು ತುಂಡಾದರೂ ಬೇಡವೇ? ಅವರು “ಮುಬಾರಕ್ ಬೆಹನ್” ಅಂತ ಅಂಗಡಿಯ ಹುಡುಗರಿಗೆಲ್ಲ ಚಹಾ ತರಿಸಿದರು. ಈದ್ ಹಬ್ಬದ ಹಳೆ ಕುರ್ತಾ ಒಂದನ್ನು ಮನೆಯಿಂದ ತರಿಸಿಕೊಟ್ಟರು. ಆಮೇಲೆ ಕೌಂಟರಿನ ಮೇಲೆ ಬಗ್ಗಿ ಸಣ್ಣ ದನಿಯಲ್ಲಿ, “ನಾಜಿಶ್‌ಗೆ ಮಾತ್ರ ಹೇಳ್ಬೇಡಮ್ಮಾ. ಬಾಯಲ್ಲಿ ಖುಷಿ ಅಂತಾಳೆ, ಒಳಗೆ ನೋವು ಮಾಡ್ಕೊಳ್ತಾಳೆ. ಮೊದ್ಲೇ ಬೆನ್ನು ಸರಿಯಿಲ್ಲ” ಅಂದರು. ನಾನು ಪಕ್ಕದಲ್ಲಿದ್ದ ಸೂಟ್‌ಕೇಸಿನ ಜಿಪ್ಪು ಎಳೆದೆ, ಮುಚ್ಚಿದೆ, ಮತ್ತೆ ಎಳೆದೆ. ಬಾಯಿಗೆ ಅಂಥದೊಂದು ಇದ್ದಿದ್ದರೆ ಒಳ್ಳೆಯದಿತ್ತು.

ಇನ್ನು ನಮ್ಮ ಮನೆಯವರು. ಶಿವಪುತ್ರ ಇಂದಿರಾನಗರದ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟ್ ರಿಪೇರಿ ಮಾಡುವವರು, ಅವರ ವ್ಯವಹಾರವೆಲ್ಲ ಮೇಲೆ ಕೆಳಗೆ, ಅಕ್ಕಪಕ್ಕದ ಮಾತಿಗೆ ಬರುವವರಲ್ಲ ಅಂತ ನಾನೇ ಆಡಿಕೊಳ್ತಿರ್ತೀನಿ. ಚಹಾ ಅಂಗಡಿಯಲ್ಲಿ ಯಾರೋ ಅವರ ಬೆನ್ನು ತಟ್ಟಿದರಂತೆ. ಒಂದು ಪೊಟ್ಟಣ ಎಳೆ ಹುಣಸೆಕಾಯಿ ಹಿಡಿದುಕೊಂಡು ಮನೆಗೆ ಬಂದರು. ಬಾಗಿಲಲ್ಲೇ ನಾನು ಎಲ್ಲವನ್ನೂ ಹೇಳಿಬಿಟ್ಟೆ, ನಿನ್ನದನ್ನೂ. ಕ್ಷಮಿಸು, ಅವರಿಗೆ ಹೇಳದೆ ವಿಧಿಯಿರಲಿಲ್ಲ. ಕೇಳಿದರು. ವಾಚು ಬಿಚ್ಚಿಟ್ಟರು. ಕಾಲು ತೊಳೆದು ಬಂದು ಪೊಟ್ಟಣವನ್ನು ನನ್ನ ಕಡೆ ಸರಿಸಿ, “ತಿನ್ನು. ಸುದ್ದಿ ಸುಳ್ಳಿರಬಹುದು, ಕಾಯಿ ಖರೇ ಅದಾವ” ಅಂದರು. ಇಬ್ಬರೂ ಉಪ್ಪು ಹಚ್ಚಿಕೊಂಡು ತಿಂದೆವು. ನಾವಿಬ್ಬರೂ ಆಸ್ಪತ್ರೆಗಳಿಗೆ ತಿರುಗೋದು ಬಿಟ್ಟು ವರ್ಷಗಳಾದವು, ನಿನಗೆ ಗೊತ್ತಿದೆ. ಆ ಮಾತು ಬರಲಿಲ್ಲ. ಹಲ್ಲು ಜುಮ್ಮೆಂದವು, ಅಷ್ಟೇ.

ಹೊಟ್ಟೆ ಯಾಕೆ ಕಾಣಲಿಲ್ಲ ಅಂತ ಯಾರೂ ಕೇಳಲಿಲ್ಲವೇ ಅಂತೀಯ. ಕೇಳುವ ಹೊತ್ತಿಗೆ ಸರಿಯಾಗಿ ಕೌದಿ ಕಾಪಾಡಿತು. ಒಂದು ಭಾನುವಾರ ಬಿಸಿಲಿಗೆ ಬೆನ್ನು ಕೊಟ್ಟು ಬಾಗಿಲಲ್ಲಿ ಹೊಲಿಯುತ್ತ ಕೂತಿದ್ದೆ. ಕೈ ತಾನಾಗಿ ಓಡುತ್ತಿತ್ತು, ಮನಸ್ಸು ಎಲ್ಲೋ. ಅಯ್ಯಮ್ಮ ಕರೆದಳು ಅಂತ ಎದ್ದರೆ ಕೌದಿಯೂ ನನ್ನ ಜೊತೆ ಎದ್ದಿತು. ನನ್ನ ಸೆರಗನ್ನೇ ಅದಕ್ಕೆ ಸೇರಿಸಿ ಗಟ್ಟಿಯಾಗಿ ಹೊಲಿದುಬಿಟ್ಟಿದ್ದೆ. ಇಡೀ ಗಂಟು ಹೊಟ್ಟೆಗೆ ಆನಿಸಿಕೊಂಡು, ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಮೆಲ್ಲಗೆ ನಡೆದೆ. ಅಯ್ಯಮ್ಮ ಹೊಸ್ತಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡಿ, “ಈಗ ಕಾಣಲಿಕತ್ತದ ನೋಡು. ಹೆಣ್ಣೇ ಅದ” ಅಂತ ತೀರ್ಪು ಕೊಟ್ಟಳು. ಆಕೆಗೆ ಈಗ ಕಣ್ಣು ಅಷ್ಟಕ್ಕಷ್ಟೇ. ಆದರೆ ಆಕೆ ಹೇಳಿದ ಮೇಲೆ ಉಳಿದವರಿಗೂ ಕಾಣತೊಡಗಿತು. ಸೆರಗನ್ನು ಬಿಚ್ಚಿ ತೆಗೆಯಲು ಆ ದಿನವೆಲ್ಲ ಬೇಕಾಯಿತು. ಬೇಗ ಬಿಚ್ಚುವ ಅವಸರ ನನಗೂ ಇರಲಿಲ್ಲವೇನೋ.

ಕನಸಿನ ವಿಷಯ ಹೇಳಲೇಬೇಕು. ಅರ್ಧ ಹೊಲಿದ ಕೌದಿಯನ್ನು ಕಾಲ ಮೇಲೆ ಎಳೆದುಕೊಂಡು ಮಧ್ಯಾಹ್ನ ಹಾಗೇ ಕಣ್ಣು ಮುಚ್ಚುತ್ತಿದ್ದೆ. ಅಷ್ಟು ಮನೆಗಳ ಅರಿವಿ, ಅಷ್ಟು ಜನರ ಕನಸು, ಒಂದರೊಳಗೊಂದು ನುಗ್ಗಿ ಬರುತ್ತಿದ್ದವು. ಹಲಸೂರು ಕೆರೆಯ ನೀರಿನ ಮೇಲೆ ಮನೆಗಳು ತೇಲುತ್ತಿದ್ದವು, ಹಳದಿ ಅಂಚಿನವು, ಚೌಕುಳಿಯವು, ಹೂವಿನವು. ಎಲ್ಲ ಕಿಟಕಿಗಳಿಂದ ಬನ್ನಿನ ವಾಸನೆ. ಕೆರೆಯ ಸುತ್ತ ಜನ ಕೈಗೆ ಕೈ ತಾಗುವಷ್ಟು ಹತ್ತಿರ ನಿಂತಿದ್ದರು. ಒಂದು ಕೂಸು ಅಮೃತಮ್ಮನ ಕೈಯಿಂದ ನಿನ್ನ ಅಣ್ಣನ ಕೈಗೆ, ಅವರಿಂದ ಇನ್ಯಾರದೋ ಕೈಗೆ, ಸದ್ದಿಲ್ಲದೆ ದಾಟುತ್ತ ಬರುತ್ತಿತ್ತು. ನೀರಿನಲ್ಲಿ ಅದರ ನೆರಳೂ ದಾಟುತ್ತಿತ್ತು. ನನ್ನ ಕೈಗೆ ಬಂದಾಗ ಬೆಚ್ಚಗಿತ್ತು. ಯಾರದು ಅಂತ ಕೇಳಬೇಕು ಅನ್ನಿಸಲಿಲ್ಲ. ಆಮೇಲೆ ಏನು ಮಾಡಿದೆ ಗೊತ್ತಾ? ಲೈಬ್ರರಿಯವಳಲ್ಲವೇ, ತಾರೀಖಿನ ಮುದ್ರೆ ಒತ್ತಿ ಪಕ್ಕದವರಿಗೆ ಕೊಟ್ಟೆ.

ಎಚ್ಚರವಾದಾಗ ಕೈ ಎರಡೂ ಚಾಚಿಕೊಂಡೇ ಇದ್ದವು.

ಬಸ್ಸಿನಲ್ಲಿ ನಮ್ಮ ಗಲ್ಲಿಯ ಕಾವೇರಿ ಒಂದು ದಿನ ಯಾರನ್ನೋ ಎಬ್ಬಿಸಿ ನನಗೆ ಸೀಟು ಕೊಡಿಸಿದಳು. ಬೇಡ ಅನ್ನಬಹುದಿತ್ತು. ಕಿಟಕಿಗೆ ತಲೆಯಾನಿಸಿ, ಕಣ್ಣು ಮುಚ್ಚಿ, ಇಳಿಯುವ ಸ್ಟಾಪು ದಾಟುವವರೆಗೂ ಕೂತಿದ್ದೆ. ನಿದ್ದೆ ಬಂದಿರಲಿಲ್ಲ. ಅದರ ಬಗ್ಗೆ ಇಷ್ಟೇ ಬರೀತೀನಿ. ಸೀಟು ಆರಾಮಾಗಿತ್ತು.

ಈಗ ವಿಷಯಕ್ಕೆ ಬರ್ತೀನಿ, ನಾಜಿಶ್. ನಿನಗೆ ಏಳು ತಿಂಗಳು, ಅಂದರೆ ಗಲ್ಲಿಯ ಲೆಕ್ಕದಲ್ಲಿ ನನಗೂ ಏಳು. ಬರುವ ಭಾನುವಾರ ಅಯ್ಯಮ್ಮ ನನ್ನ ಕುಬಸ ಇಟ್ಟಿದ್ದಾಳೆ. ನೀವು ಗೋದ್ ಭರಾಯಿ ಅನ್ನೋದು, ಇಲ್ಲಿಯವರು ಸೀಮಂತ ಅನ್ನೋದು. ನಾನು ಬೇಡವೆಂದರೆ, “ಸುಮ್ನ ಕೂಡು, ತವರಿನವರು ದೂರ ಅದಾರ, ನಾವೇ ತವರು” ಅಂದಳು. ಹಸಿರು ಸೀರೆ ಬಂದಿದೆ, ಹಸಿರು ಬ್ಲೌಸ್ ಪೀಸ್ ಬಂದಿದೆ, ಬಳೆಯ ಅಳತೆ ತಗೊಂಡಿದ್ದಾರೆ. ಇದುವರೆಗೆ ಚಿಂದಿ ತಗೊಂಡೆ, ಹುಣಸೆಕಾಯಿ ತಗೊಂಡೆ, ತಮಾಷೆಯಲ್ಲಿ ನಡೆಯಿತು. ಆ ಹೆಂಗಸರು ಆರತಿ ಹಿಡಿದು ಎದುರು ನಿಂತಾಗ ತಮಾಷೆ ಮಾಡೋದು ನನ್ನಂಥವಳಿಗೂ ಸಾಧ್ಯವಿಲ್ಲ.

ನಿಜ ಹೇಳಬೇಕು ಅಂದರೆ ನಿನ್ನದನ್ನು ಹೇಳಬೇಕು. ಅದು ನನ್ನದಲ್ಲ, ನೀನು ಒಪ್ಪದೆ ಹೇಳೋದಿಲ್ಲ. ನೀನು ಬೇಡ ಅಂದರೆ ಉಳಿದಿರುವುದು ಇನ್ನೊಂದೇ ದಾರಿ. ಭಾನುವಾರಕ್ಕೆ ಮೊದಲು, ಹೋಯಿತು ಅಂತ ಹೇಳುವುದು. ಅದನ್ನೂ ಮಾಡ್ತೀನಿ. ಬಾಗಿಲು ಹಾಕಿಕೊಂಡು ಎರಡು ದಿನ ಮಲಗಿದರಾಯಿತು, ಅಯ್ಯಮ್ಮ ಅಂಬಲಿ ಕಾಸಿ ಕೊಡ್ತಾಳೆ. ಆದರೆ ಇದನ್ನು ನಮ್ಮ ಮನೆಯವರಿಗೆ ಹೇಳಿದಾಗ ಇವರು ಸ್ಕ್ರೂಡ್ರೈವರ್ ಹಿಡಿದು ಏನೂ ಕೆಟ್ಟಿರದ ಸ್ವಿಚ್‌ಬೋರ್ಡು ಬಿಚ್ಚಲು ಕೂತರು.

ಕೌದಿ ಒಂದು ಗೇಣು ಬಿಟ್ಟು ಉಳಿದೆಲ್ಲ ಮುಗಿದಿದೆ. ಆ ಗೇಣು ಬೇಕೆಂದೇ ಬಿಟ್ಟದ್ದು. ಕೊನೆಯ ಹೊಲಿಗೆಗೆ ಮೊದಲು ಅದರ ಹೊಟ್ಟೆಗೆ ಒಂದು ತುಣುಕು ರೊಟ್ಟಿ, ಒಂದು ಚಿಟಿಕೆ ಸಕ್ಕರೆ ಇಟ್ಟು ಮುಚ್ಚಬೇಕು. ಹಸಿದ ಕೌದಿ ಹೊದ್ದರೆ ಕೂಸಿಗೆ ನಿದ್ದೆ ಬಾರದು ಅಂತ ನಮ್ಮವರ ನಂಬಿಕೆ. ರೊಟ್ಟಿ ಹೊಲಿದವಳದು, ಸಕ್ಕರೆ ಮಾತ್ರ ಕೂಸಿನ ತಾಯಿ ಕೊಡಬೇಕು. ನಮ್ಮ ಡಬ್ಬಿಯ ಸಕ್ಕರೆ ಹಾಕೋಕೆ ಒಂದು ಸಲ ಕೈ ಹೋಯಿತು. ವಾಪಸು ತಗೊಂಡೆ. ಅಷ್ಟು ದೊಡ್ಡ ಸುಳ್ಳು ಹೇಳುವ ಧೈರ್ಯ ನನಗಿಲ್ಲ.

ಇನ್ನೊಂದು ಪೇಚು. ಕೂಸು ಬರುವ ಮನೆ ಅಂತ ನನ್ನದೇ ಹೆಸರಾದ್ದರಿಂದ ನನ್ನ ಮನೆಯ ತುಂಡು ಇದರಲ್ಲಿಲ್ಲ. ಹಾಕಲು ಹೋದರೆ ಅಯ್ಯಮ್ಮ ಸೂಜಿ ಕಸಿದುಕೊಳ್ತಾಳೆ. ಇಡೀ ಊರಿನ ಅರಿವಿ ನಿನ್ನ ಕೂಸನ್ನು ಹೊದಿಸುತ್ತದೆ, ನಮ್ಮದೊಂದು ಬಿಟ್ಟು. ಇದು ನನಗೆ ನುಂಗೋಕೆ ಆಗ್ತಿಲ್ಲ, ನಾಜಿಶ್.

ನಿನ್ನ ಹೆದರಿಕೆ ನನಗೆ ಗೊತ್ತು. ನಾನು ಅದನ್ನು ಕಳೆಯುವಷ್ಟು ದೊಡ್ಡವಳಲ್ಲ. ಆದರೆ ಸುಮ್ಮನೆ ಒಮ್ಮೆ ಯೋಚಿಸು. ಕೆಟ್ಟ ಕಣ್ಣು ಅಂತ ಒಂದು ಇದ್ದು, ಅದು ಸುದ್ದಿ ಕೇಳಿಕೊಂಡೇ ಬರುವುದಾದರೆ, ಈ ನಾಲ್ಕು ತಿಂಗಳು ಅದು ಬಂದದ್ದು ಜೋಗುಪಾಳ್ಯದ ನಮ್ಮ ಮನೆಗೆ. ಹುಡುಕಿರುತ್ತದೆ. ಇಲ್ಲಿ ಏನೂ ಸಿಗದೆ ವಾಪಸು ಹೋಗಿರುತ್ತದೆ. ನನ್ನ ಖಾಲಿ ಹೊಟ್ಟೆಗೆ ಕೊನೆಗೂ ಒಂದು ಕೆಲಸ ಸಿಕ್ಕಿತು ಅಂತ ನನಗೆ ಸಮಾಧಾನವೇ ಇದೆ.

ಈ ಕಾಗದವನ್ನು ನಿನ್ನ ಅಣ್ಣನ ಕೈಯಲ್ಲೇ ಕಳಿಸ್ತಿದ್ದೀನಿ. ನಾಳೆ ನಿನ್ನ ಬೆನ್ನಿಗೆ ಎಣ್ಣೆ ತಗೊಂಡು ಬರ್ತಾರಂತೆ. ಲಕೋಟೆಯ ಮೇಲೆ ವಿಜ್ಞಾನದ ಪ್ರಶ್ನೆಪತ್ರಿಕೆ ಅಂತ ಬರೆದಿದ್ದೀನಿ. ಬೀಜಗಣಿತದ ಏಟು ತಿಂದವರು ಅದನ್ನು ಬಿಚ್ಚೋದಿಲ್ಲ. ನೀನು ಉತ್ತರ ಬರೆಯಬೇಕಾಗಿಲ್ಲ, ಫೋನೂ ಬೇಡ. ಅವರು ಹಿಂದಿರುಗುವಾಗ ಒಂದು ಚಿಕ್ಕ ಪೊಟ್ಟಣ ಸಕ್ಕರೆ ಕೊಟ್ಟು ಕಳಿಸು. ಸಕ್ಕರೆ ಬಂದರೆ ಶನಿವಾರವೇ ಅಯ್ಯಮ್ಮನ ಮುಂದೆ ಕೂತು ಎಲ್ಲ ಹೇಳ್ತೀನಿ. ಬೈತಾಳೆ, ಅಳ್ತಾಳೆ, ಆಮೇಲೆ ಹಸಿರು ಸೀರೆ ಹಿಡಿದುಕೊಂಡು ಆಟೋ ಹತ್ತಿ ರಿಚರ್ಡ್ಸ್ ಟೌನಿಗೇ ಬರ್ತಾಳೆ, ನಿನ್ನ ಅಮ್ಮಿಗೆ ಹೇಳಿಟ್ಟಿರು. ಸಕ್ಕರೆ ಬರದಿದ್ದರೆ ಮತ್ತೆ ಕೇಳೋದಿಲ್ಲ, ಗಲ್ಲಿಗೆ ಹೋಯಿತು ಅಂತಲೇ ಹೇಳ್ತೀನಿ. ಕೌದಿಯನ್ನು ಬಾಯಿ ತೆರೆದ ಹಾಗೇ ಮಡಚಿಟ್ಟು, ನಾನು ಮಾತ್ರ ಬಾಯಿ ಮುಚ್ಚಿಕೊಂಡು, ಅದು ಹುಟ್ಟಿ ಅಳುವ ದಿನದವರೆಗೂ ಕಾಯ್ತೀನಿ.

ಎಡಮಗ್ಗುಲಾಗಿ ಮಲಗು. ನಗಬೇಡ, ಹೊಲಿಗೆ ಬಿಚ್ಚೀತು.

ನಿನ್ನ ಬಸಿರಿನ ಹೆಸರು ಹೊತ್ತು ತಿರುಗುವ,
ಉಮಾಶ್ರೀ

ಮರೆತೆ ಅಂತ ಹೇಳಿದರೆ ಅದೂ ಸುಳ್ಳಾಗುತ್ತದೆ, ಬೇಕೆಂದೇ ರುಜುವಿನ ಕೆಳಗೆ ಬರೀತಿದ್ದೀನಿ: ನೀನು ಒಪ್ಪಿದರೆ ಹಾಕಲು ನಮ್ಮ ಮನೆಯ ತುಂಡು ತಯಾರಿದೆ. ಇವರ ಕುಂಚಿಗೆ, ಎಳೆಗೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಬಿಡುವ ಟೋಪಿ. ಇವರು ಹುಟ್ಟಿದಾಗ ಇವರ ಅವ್ವ ಹೊಲಿದದ್ದು, ನಮ್ಮ ಮದುವೆಯ ದಿನ ಅವ್ವ ಅದನ್ನು ನನ್ನ ಪೆಟ್ಟಿಗೆಗೆ ಇಟ್ಟಿದ್ದರು. ಅದನ್ನು ಕೊಡಿ ಅಂತ ಇವರನ್ನು ನಾನು ಕೇಳಿರಲಿಲ್ಲ. ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಇವರೇ ಪೆಟ್ಟಿಗೆ ತೆರೆದು ತೆಗೆದರು, ನಡುವೆ ನೇರವಾಗಿ ಕತ್ತರಿಸಿದರು, “ನಾಜಿಶ್ ಅಕ್ಕೋರ ಕೂಸು ಹೊದಿಲಿ” ಅಂತ ಅರ್ಧ ನನ್ನ ಕೈಗೆ ಕೊಟ್ಟರು. ಉಳಿದರ್ಧವನ್ನು ಮೆತ್ತಗೆ ಮಡಚಿ ಮತ್ತೆ ಪೆಟ್ಟಿಗೆಯೊಳಗೇ ಇಟ್ಟರು. ಅದು ಯಾರಿಗೆ ಅಂತ ನಾನು ಕೇಳಲಿಲ್ಲ. ಒಂದು ಜೋಕು ಹೇಳೋಣ ಅಂತ ಬಾಯಿ ತೆರೆದೆ, ಏನೂ ಹೊಳೆಯಲಿಲ್ಲ.